ಹಳೇ ಕಾರ್ಡಿಗೊಂದು ಜೋಡಿ

ಶಿಗ್ಗಾವಿಯಿಂದ ಸವಣೂರಿಗೆ ಹೋಗುವ ಬಸ್ಸಿನಲ್ಲಿ ವಾಣಿಶ್ರೀ ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ಚೀಲದಲ್ಲಿ ಬಂಗಾರವೇನೂ ಇರಲಿಲ್ಲ. ಖಣದ ಬಟ್ಟೆಯಲ್ಲಿ ಸುತ್ತಿದ ಒಂದು ಹಳೆಯ ಗ್ರಾಫಿಕ್ಸ್ ಕಾರ್ಡ್ ಇತ್ತು; ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಪರದೆಯ ಮೇಲೆ ಚಿತ್ರ ಓಡಿಸುವ, ಅಂಗೈಗಿಂತ ತುಸು ದೊಡ್ಡದಾದ ಹಸಿರು ಹಲಗೆ. ಪಕ್ಕದಲ್ಲಿ ಕೂತಿದ್ದ ಮುದುಕಿ "ಎಲ್ಲಿಗೆ ಹೊಂಟೀಯವ್ವಾ?" ಎಂದು ಕೇಳಿದ್ದಕ್ಕೆ "ದವಾಖಾನಿಗ್ರಿ" ಎಂದುಬಿಟ್ಟಳು. ಏನು ಬ್ಯಾನಿ ಎಂದು ಮುದುಕಿ ಮುಂದುವರಿಸಿದಾಗ ಮೊಣಕಾಲು ತೋರಿಸಿದಳು. ಆಮೇಲೆ ದಾರಿಯುದ್ದಕ್ಕೂ ಆ ಕಾಲನ್ನು ನೀಡಿಕೊಂಡೇ ಕೂರಬೇಕಾಯಿತು. ಬೆಳಿಗ್ಗೆ ಗಂಡ ಶಂಭುಲಿಂಗನಿಗೆ ಹೇಳಿದ ಸುಳ್ಳು ಬೇರೆ ಇತ್ತು. ಊರಿನ ನಾಲ್ಕಾರು ಅಂಗಡಿಗಳ ಲೆಕ್ಕಪತ್ರವನ್ನು ಮನೆಯಲ್ಲೇ ಕೂತು ಮಾಡಿಕೊಡುವವಳು ಅವಳು. "ಹಳೇ ಕಂಪ್ಯೂಟರ್ ಭಾಳ ನಿಧಾನ ಆಗೈತ್ರಿ, ಹೊಸಾದೊಂದು ಕೂಡಿಸ್ಕೊಂಡು ಬರ್ತೇನಿ" ಎಂದಿದ್ದಳು. ಬೀಜದಂಗಡಿಯ ಕೀಲಿಕೈ ಹುಡುಕುತ್ತಿದ್ದ ಅವನು "ನಿನ್ನ ದುಡಿಮಿ, ನಿನ್ನ ಕೆಲಸ, ನನ್ನ ಯಾಕ ಕೇಳ್ತಿ" ಎಂದು ಹೊರಟೇ ಹೋದ. ಬೈದಿದ್ದರೆ ಚೆನ್ನಾಗಿತ್ತು. ನಂಬಿದವರಿಗೆ ಸುಳ್ಳು ಹೇಳುವುದೆಂದರೆ ಬಾಗಿಲು ತೆರೆದಿಟ್ಟ ಮನೆಯಲ್ಲಿ ಕಳವು ಮಾಡಿದ ಹಾಗೆ. ಆದರೆ ನಲವತ್ತರ ಹತ್ತಿರ ಬಂದ ಹೆಂಗಸು, ಹೈಸ್ಕೂಲಿಗೆ ಹೋಗುವ ಮಗಳ ತಾಯಿ, ಕಾರು ಓಡಿಸುವ ಆಟ ಆಡಲಿಕ್ಕೆ ಕಂಪ್ಯೂಟರು ಕಟ್ಟಿಸುತ್ತಿದ್ದಾಳೆಂದು ಯಾವ ಬಾಯಿಂದ ಹೇಳುವುದು?

ಹೋದ ತಿಂಗಳು ಒಂದು ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಫೋನು ಬಂದಿತ್ತು. "ಏ ವಾಣಿ, ಗಾಡಿ ಓಡಸ್ತೀಯೇನ ಇನ್ನೂ?" ಹೆಸರು ಹೇಳಲಿಲ್ಲ, ಹೆಂಗಿದ್ದಿ ಎಂದು ಕೇಳಲಿಲ್ಲ, ನಡುವೆ ಇಷ್ಟೊಂದು ವರ್ಷ ಸರಿದು ಹೋಗಿವೆ ಎಂಬ ಖಬರೇ ಇಲ್ಲದ ದನಿ. ನಿಖತ. ಮಾತನ್ನೆಲ್ಲ ನಿಖತಳೇ ಆಡಿದಳು: ಹಾನಗಲ್ಲಿನ ಗಂಡನ ಮನೆಯಿಂದ ಸವಣೂರಿನ ತವರುಮನೆಗೇ ಬಂದುಬಿಟ್ಟಿದ್ದಾಳೆ, ಗಂಡನೂ ಜೊತೆಗೇ ಬಂದಿದ್ದಾನೆ, ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಾಳೆ, ಆಟಕ್ಕೆಂದೇ ಮನೆಯಲ್ಲೊಂದು ಮಷೀನ್ ಇದೆ. "ನೀನೂ ಒಂದು ಕೂಡಿಸ್ಕೋ. ನೀ ಅಲ್ಲಿಂದ, ನಾ ಇಲ್ಲಿಂದ. ಕಿವಿಗೆ ಹಾಕ್ಕೊಂಡು ಮಾತಾಡ್ಕೋತ ಓಡಸೂಣು." ತೀರಿಕೊಂಡ ತನ್ನ ತಾಯಿಯ ಮಾತನ್ನು ಅವಳು ಎತ್ತಲಿಲ್ಲ. ವಾಣಿಶ್ರೀಯೂ ಎತ್ತಲಿಲ್ಲ. ಫೋನಿಟ್ಟ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು, ಅಳುತ್ತಲೇ ಒಂದು ಬಗೆಯ ನಿರಾಳವೂ ಆಯಿತು. ನೀ ಅಲ್ಲಿಂದ, ನಾ ಇಲ್ಲಿಂದ. ಗೆಳತಿ ಮರಳಿ ಸಿಗುತ್ತಾಳೆ, ಆದರೆ ಆ ಮನೆಯ ಹೊಸ್ತಿಲು ತುಳಿಯಬೇಕಾಗಿಲ್ಲ. ಮುಖ ನೋಡಬೇಕಾಗಿಲ್ಲ, ಅವಳ ಕಾರಿನ ಬೆನ್ನು ನೋಡಿದರೆ ಸಾಕು.

ಆ ಮನೆಯೆಂದರೆ ನಿಖತಳ ತಾಯಿ ನುಜಹತ ಚಾಚಿಯ ಮನೆ. ತವರೂರು ಯಲವಿಗಿಯಿಂದ ಸವಣೂರಿನ ಕಾಲೇಜಿಗೆ ಬರುತ್ತಿದ್ದ ವಾಣಿಶ್ರೀ ಮಧ್ಯಾಹ್ನ ನಿಖತಳ ಅಣ್ಣ ಇರ್ಫಾನನ ಕಂಪ್ಯೂಟರ್ ಸೆಂಟರಿನಲ್ಲಿ ಟ್ಯಾಲಿ ಕಲಿಯುತ್ತಿದ್ದಳು. ಸೆಂಟರು ಎಂದರೆ ಅವರ ಮನೆಯ ಮುಂದಿನ ಕೋಣೆಯೇ. ಹಸಿರು ಪರದೆ, ಬಾಗಿಲ ಹೊರಗೆ ಚಪ್ಪಲಿಗಳ ರಾಶಿ, ಹೊಸ ಪ್ಲಾಸ್ಟಿಕ್ಕಿನ ಬಿಸಿ ವಾಸನೆ. ಸಂಜೆ ಬರುವ ಹುಡುಗರಿಗಾಗಿ ಇರ್ಫಾನ ಎರಡು ಮಷೀನುಗಳಿಗೆ ಮಾತ್ರ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ನಡುವೆ ನೀಲಿ ತಂತಿ ಎಳೆದಿದ್ದ. ಅವನು ಊಟ ಮಾಡಿ ಅಡ್ಡಾದನೆಂದರೆ ಆ ಎರಡು ಮಷೀನು ಹುಡುಗಿಯರವು. ಸವಣೂರಿನ ಕುರುಕಲು ಖಾರದ ಪೊಟ್ಟಣ ನಡುವೆ ಬಿಚ್ಚಿಟ್ಟುಕೊಂಡು, ಎಣ್ಣೆಯ ಬೆರಳುಗಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಕಾರು ಓಡಿಸುವುದು, ಒಬ್ಬಳು ಇನ್ನೊಬ್ಬಳನ್ನು ಹಳ್ಳಕ್ಕೆ ನೂಕುವುದು, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುವುದು. ಕರೆಂಟು ಹೋಯಿತೆಂದರೆ ಯುಪಿಎಸ್ಸು ಕಿರುಚತೊಡಗುತ್ತಿತ್ತು, ಮುಗಿಸಿರೇ ಹುಡುಗ್ಯಾರಾ ಎಂದು ಒಳಗಿನಿಂದ ಚಾಚಿ ಕೂಗುತ್ತಿದ್ದಳು, ಚಹಾ ತರುತ್ತಿದ್ದಳು. ಲಿಂಗಾಯತರ ಮನೆಯ ಹುಡುಗಿಗೆಂದು ಅಡುಗೆಮನೆಯಲ್ಲಿ ಬೇರೆ ಮೊಳೆಗೆ ನೇತುಹಾಕಿದ ಪಾತ್ರೆ ಇತ್ತು. "ಅದರಾಗ ತತ್ತಿ ಸೈತ ಮುಟ್ಟಿಸಿಲ್ಲ ಬೇಟಾ, ಕುಡಿ" ಎನ್ನುತ್ತಿದ್ದಳು. ವಾಣಿಶ್ರೀ ಕುಡಿಯುತ್ತಿದ್ದಳು, ಯಲವಿಗಿಗೆ ಹೋಗಿ ಆ ಮಾತು ಹೇಳುತ್ತಿರಲಿಲ್ಲ. ಬದುಕಿನಲ್ಲಿ ಅಷ್ಟು ಹಗುರಾಗಿ ಮತ್ತೆಂದೂ ಇದ್ದದ್ದು ಅವಳಿಗೆ ನೆನಪಿಲ್ಲ. ಮದುವೆಯಾಯಿತು, ಸೆಂಟರು ಮುಚ್ಚಿತು, ಮೊದಲು ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ ಮಾತು. ಕೊನೆಗೆ ನಂಬರೂ ಬದಲಾದವು. ಎರಡು ವರ್ಷದ ಹಿಂದೆ ಚಾಚಿ ತೀರಿಕೊಂಡ ಸುದ್ದಿ ಯಾರದೋ ಬಾಯಿಂದ ಬಂದಾಗ ವಾಣಿಶ್ರೀ ಸೀರೆ ಬದಲಿಸಿ ಬಸ್‌ಸ್ಟ್ಯಾಂಡಿಗೂ ಹೋಗಿದ್ದಳು. ಸವಣೂರಿನ ಬಸ್ಸು ಬಂದು ನಿಂತಿತು. ಇಷ್ಟು ದಿನ ಸುಮ್ಮನಿದ್ದು ಈಗ ಹೆಣ ನೋಡಲಿಕ್ಕೆ ಬಂದಳು ಎಂದಾರು ಎನ್ನಿಸಿತು. ಬಸ್ಸು ಹೋಯಿತು. ಮೂರನೆಯ ದಿನ ಹೋದರಾಯಿತೆಂದುಕೊಂಡಳು, ನಲವತ್ತರ ದಿನ ಹೋದರಾಯಿತೆಂದುಕೊಂಡಳು. ತಡವಾದಷ್ಟೂ ಹೋಗುವುದು ಕಷ್ಟವಾಗುತ್ತ ಬಂದು, ಕೊನೆಗೆ ಹೋಗದಿರುವುದೇ ಒಂದು ರೂಢಿಯಾಯಿತು.

ಶಾಹಬಾಜನ ಅಂಗಡಿ ಇರುವುದು ನಿಖತಳ ಮನೆಯ ಹಿಂದಿನ ಓಣಿಯಲ್ಲಿ. ಕಂಪ್ಯೂಟರು ಕೂಡಿಸುವವರು ಶಿಗ್ಗಾವಿಯಲ್ಲಿ ಇಲ್ಲವೆ, ಹುಬ್ಬಳ್ಳಿಯಲ್ಲಿ ಇಲ್ಲವೆ? ಆದರೂ ಮುಖ ತಪ್ಪಿಸಿಕೊಳ್ಳಬೇಕಾದ ಮನೆಯ ಬೆನ್ನಿಗೇ ಬಂದು ನಿಂತಿದ್ದಳು. ಮನಸ್ಸೆಂಬುದು ಕಟ್ಟಿ ಹಾಕಿದ ಗೂಟದ ಸುತ್ತಲೇ ಮೇಯುತ್ತದೆ. ಬಸ್ಸಿಳಿದವಳು ಮುಖ್ಯ ಬೀದಿ ಬಿಟ್ಟು ಸುತ್ತು ಹಾಕಿಕೊಂಡು ಬಂದಳು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಬಿಸಿಲಿದೆಯಲ್ಲ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು. ಶಾಹಬಾಜ ಮೂವತ್ತು ದಾಟಿದ, ಮೆಲುಮಾತಿನ ಮನುಷ್ಯ. ಸ್ಟೂಲು ಸರಿಸಿ, ಬಟ್ಟೆಯಿಂದ ಒರೆಸಿ, "ಕುಂದರ್ರಿ ಅಕ್ಕಾರ. ಯಾವ ಆಟ ಆಡ್ತಾನ್ರಿ ನಿಮ್ಮ ಮಗ?" ಎಂದ.

"ಗಾಡಿ ಓಡಸೂದು" ಎಂದಳು. ಮಗನಿಲ್ಲ ಎಂದು ಹೇಳಲಿಲ್ಲ. ಹೀಗೆ ಬಾಯಿ ತೆರೆಯದೆಯೂ ಒಂದು ಸುಳ್ಳು ಹೇಳಬಹುದೆಂದು ಗೊತ್ತಾಗಿ ಕಿವಿ ಬಿಸಿಯಾದವು.

"ಕೂಡಿಸೂದಂದ್ರ ಅಂಗಡ್ಯಾಗ ಇದ್ದಿದ್ದರಾಗ ಛಲೋ ಛಲೋವು ಆರಿಸ್ಕೊಳ್ಳೂದಲ್ರಿ" ಎಂದು ಶಾಹಬಾಜ ರೂಢಿಯ ಪಾಠ ಶುರುಮಾಡಿದ. "ಒಂದಕ್ಕೊಂದು ಹೊಂದಬೇಕು. ಪ್ರೊಸೆಸರ್ ಒಂದು ಕಂಪನೀದು ತಗೊಂಡು—"

"ಬೋರ್ಡು ಇನ್ನೊಂದು ಕಂಪನೀದಕ್ಕ ಮಾಡಿದ್ದು ತಗೊಂಡ್ರ ಸಾಕೆಟ್ಟಿನ್ಯಾಗ ಕೂಡೂದಿಲ್ಲ" ಎಂದು ವಾಣಿಶ್ರೀ ಮುಗಿಸಿದಳು. "ರ್ಯಾಮಿನ ಕಚ್ಚು ಬೋರ್ಡಿನ ಕಚ್ಚಿಗೆ ಕೂಡಬೇಕು. ನಾಲ್ಕನೇ ಪೀಳಿಗೀದು ಐದನೇದರಾಗ ಇಳಿಯೂದಿಲ್ಲ. ಎಲ್ಲಾದಕ್ಕೂ ಸಾಕಾಗುವಷ್ಟು ಕರೆಂಟು ಎಸ್ಎಂಪಿಎಸ್ ಕೊಡಬೇಕು. ಗ್ರಾಫಿಕ್ಸ್ ಕಾರ್ಡಿನ ಉದ್ದ ಕ್ಯಾಬಿನೆಟ್ಟಿಗೆ ಹಿಡೀಬೇಕು."

ಶಾಹಬಾಜನ ಹುಬ್ಬು ಮೇಲೇರಿತು. "ಎಲ್ಲಾ ನೋಡಿಕೊಂಡ ಬಂದೀರಲ್ರಿ!" ಅವಳಿಗೆ ಶಾಲೆಯಲ್ಲಿ ಉತ್ತರ ಹೇಳಿ ಕೂತಾಗಿನ ಹಿಗ್ಗು ಬಂತು. ಒಂದು ತಿಂಗಳು ಗಂಡ ಅಂಗಡಿಗೆ, ಮಗಳು ಶಾಲೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತದ್ದು. ಕೆಂಪು ಡಬ್ಬಿಯ ಪ್ರೊಸೆಸರೋ ನೀಲಿ ಡಬ್ಬಿಯದೋ ಎಂದು ತವರಿಗೂ ಗಂಡನ ಮನೆಗೂ ನಡುವೆ ಸಿಕ್ಕವಳ ಹಾಗೆ ಒದ್ದಾಡಿದ್ದಳು. ಈ ಜ್ಞಾನವನ್ನು ಇಷ್ಟು ದಿನಕ್ಕೆ ಒಬ್ಬ ಮನುಷ್ಯ ಮೆಚ್ಚಿದ. ಆ ಹಿಗ್ಗಿನಲ್ಲಿಯೇ ಅವಳು ಚೀಲ ಬಿಚ್ಚಿ, ಖಣದ ಗಂಟನ್ನು ಕೌಂಟರಿನ ಮೇಲಿಟ್ಟಳು.

"ಕಾರ್ಡ್ ನನ್ನ ಹತ್ತರ ಐತ್ರಿ. ಇದಕ್ಕ ಹೊಂದೂ ಹಂಗ ಉಳಿದದ್ದು ಆರಿಸಿ ಕೊಡ್ರಿ."

ಶಾಹಬಾಜ ಬಟ್ಟೆ ಬಿಡಿಸಿ ನೋಡಿದ, ಬೆಳಕಿಗೆ ಹಿಡಿದ, ಕೆಳಗಿಟ್ಟ. ನಗಲಿಲ್ಲ. ನಗದಿರಲಿಕ್ಕೆ ಅವನು ಪಟ್ಟ ಕಷ್ಟ ಅವಳಿಗೆ ಕಂಡಿತು. ಅದು ನಕ್ಕಿದ್ದಕ್ಕಿಂತ ಹೆಚ್ಚು ಚುಚ್ಚಿತು. ಹೊಸ ಬೋರ್ಡೊಂದನ್ನು ಡಬ್ಬಿಯಿಂದ ತೆಗೆದು ಕಾರ್ಡಿನ ಪಕ್ಕಕ್ಕೆ ಇಟ್ಟ. ಕಾರ್ಡಿನ ಹಲ್ಲಿನ ಸಾಲು ಬೇರೆ, ಅದು ಕೂರಬೇಕಾದ ಬೋರ್ಡಿನ ಸೀಳು ಬೇರೆ. "ಈ ಥರದ ಸೀಳು ಇರೂ ಬೋರ್ಡು ಬರೂದು ನಿಂತು ಭಾಳ ವರ್ಷಾದ್ವ್ರಿ ಅಕ್ಕಾರ" ಎಂದ ಮೆಲ್ಲಗೆ. ವಾಣಿಶ್ರೀಗೆ ಇದು ಗೊತ್ತಿರಲಿಲ್ಲವೆ? ವಿಡಿಯೋಗಳಲ್ಲಿ ಆ ಸಾಲು ಬೇರೆಯಾಗಿ ಕಂಡಾಗಲೆಲ್ಲ ಕ್ಯಾಮೆರಾ ಹಿಡಿದ ರೀತಿಯೇ ಹಾಗಿದೆ ಎಂದುಕೊಂಡಿದ್ದಳು. ಎಲ್ಲವನ್ನೂ ಅಳೆದು ತೂಗಿದವಳು ಇದೊಂದನ್ನು ಮಾತ್ರ ಅಳೆದಿರಲಿಲ್ಲ. ಮದುವೆಯ ದಿನ ನಿಖತ ಬಣ್ಣದ ಕಾಗದದಲ್ಲಿ ಸುತ್ತಿ ಕೈಗಿತ್ತಿದ್ದ ಉಡುಗೊರೆ ಇದು. ಸ್ಟೀಲಿನ ಡಬ್ಬಿ, ಗೋಡೆ ಗಡಿಯಾರಗಳ ನಡುವೆ ಒಂದು ಗ್ರಾಫಿಕ್ಸ್ ಕಾರ್ಡ್. "ನಿನ್ನ ಮಷೀನಿಂದು" ಎಂದಷ್ಟೇ ಕಿವಿಯಲ್ಲಿ ಹೇಳಿದ್ದಳು. ಅಂದಿನಿಂದ ಅದು ಟ್ರಂಕಿನಲ್ಲಿ, ಇಳಕಲ್ ಸೀರೆಗಳ ನಡುವೆ, ಒಣಗಿದ ಬೇವಿನೆಲೆಯ ಜೊತೆಗೆ ಇತ್ತು.

"ಹಳೇ ಬೋರ್ಡು ಎಲ್ಲೆರ ಸಿಗಬಹುದಲ್ರಿ?"

"ಸಿಗ್ತೈತ್ರಿ, ಗುಜರಿಯಾಗ ಹುಡುಕಿದ್ರ. ಆದ್ರ ಹಳೇ ಬೋರ್ಡಿಗೆ ಹಳೇ ಪ್ರೊಸೆಸರ್ ಬೇಕು, ಹಳೇ ರ್ಯಾಮ್ ಬೇಕು. ಎಲ್ಲಾ ಕೂಡಿಸಿದ್ರ ಇಪ್ಪತ್ತು ವರ್ಷದ ಹಿಂದಿನ ಕಂಪ್ಯೂಟರ್ ತಯಾರಾಗ್ತೈತಿ. ಅದರಾಗ ಈಗಿನ ಆಟ ಒಂದೂ ಏಳೂದಿಲ್ರಿ."

ಏಳದಿದ್ದರೂ ಇರಲಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಇದು ಅಪ್ಪನ ಹಟ, ಅವಳಿಗೆ ತಿಳಿಯಿತು. ಯಲವಿಗಿಯ ಬಸವಣ್ಣೆಪ್ಪನೆಂದರೆ ಎತ್ತಿಗೆ ಜೋಡಿ ಕೂಡಿಸುವುದರಲ್ಲಿ ಸುತ್ತಮುತ್ತ ಹೆಸರಾದವನು. ಬಂಕಾಪುರದಿಂದ, ಹಿರೇಕೆರೂರಿನ ಕಡೆಯ ಮಾಸೂರಿನಿಂದ ಕೂಡ ಒಕ್ಕಲಿಗರು ಬಂದು ಅವನನ್ನು ಸಂತೆಗೆ ಕರೆದೊಯ್ಯುತ್ತಿದ್ದರು. ಕೋಡು, ಬಣ್ಣ, ಸುಳಿ ನೋಡಿ ಮರುಳಾದವರನ್ನು ಬೈಯುತ್ತಿದ್ದ. "ಕೋಡು ಏನ ನೋಡ್ತಿ? ಹೆಜ್ಜಿ ನೋಡು. ಬಿರುಸಿನದಕ್ಕ ಮೆತ್ತಂದು ಕಟ್ಟಿದ್ರ ಮೆತ್ತಂದು ಸಾಯ್ತೈತಿ, ಬಿರುಸಿಂದು ಕೆಡ್ತೈತಿ." ಊರಿಗೆಲ್ಲ ಹೀಗೆ ಹೇಳುತ್ತಿದ್ದವನ ಸ್ವಂತ ಜೋಡಿಯಲ್ಲಿ ಎಡಗಡೆಯ ಎತ್ತು ಹಾವು ಕಡಿದು ಸತ್ತಿತು. ಬಲಗಡೆಯ ಕೆಂದೆತ್ತು ಉಳಿಯಿತು. ಅವರ ಮನೆತನದ ಪದ್ಧತಿಯೆಂದರೆ ಉಳಿದದ್ದನ್ನು ಮಾರುವುದಿಲ್ಲ, ಅದಕ್ಕೆ ಜೋಡಿ ಹುಡುಕುವುದು. ಅಪ್ಪ ಒಂದು ಹಂಗಾಮಿಡೀ ಹುಡುಕಿದ. ವಯಸ್ಸಾದ ಕೆಂದೆತ್ತಿಗೆ ಹೊಂದುವ ಎಡಗಡೆಯ ಎತ್ತು ಎಲ್ಲೂ ಸಿಗಲಿಲ್ಲ. ಸಿಕ್ಕ ಹರೆಯದ ಎತ್ತು ಅದನ್ನು ಎಳೆದಾಡಿ ಹಣ್ಣು ಮಾಡಿತು. ಊರವರೆಲ್ಲ ಬಿತ್ತಿ ಮುಗಿಸಿದರು, ಇವರ ಹೊಲ ಬೀಳು ಬಿತ್ತು. ಹುಡುಗಿಯಾಗಿದ್ದ ವಾಣಿಶ್ರೀಗೆ ಅಪ್ಪ ದೇವರಂತೆ ಕಂಡಿದ್ದ. ಅವ್ವ ಅನ್ನವ್ವ ಮಾತ್ರ ರೊಟ್ಟಿ ತಟ್ಟುತ್ತ, "ಎತ್ತಿನ ಮ್ಯಾಲಿನ ಮಾಯಾ ಅಲ್ಲ ಅದು. ಸತ್ತದ್ದು ಸತ್ತೈತಿ ಅನ್ನಾಕ ಬಾಯಿಲ್ಲ ಆ ಮನಶಾಗ" ಎಂದಿದ್ದಳು. ಆಗ ಅವ್ವನ ಮೇಲೆ ಸಿಟ್ಟು ಬಂದಿತ್ತು.

"ಒಂದ ಸಲ ನೋಡೂಣ ತಡೀರಿ" ಎಂದು ಶಾಹಬಾಜ ಒಳಗಿನಿಂದ ಒಂದು ಧೂಳು ಹಿಡಿದ ಮಷೀನು ಹೊತ್ತು ತಂದ. ಅವಳ ಸಮಾಧಾನಕ್ಕೆ ಮಾಡುತ್ತಿದ್ದಾನೆಂದು ಇಬ್ಬರಿಗೂ ಗೊತ್ತಿತ್ತು. ಕಾರ್ಡು ಕೂಡಿಸಿ ಕರೆಂಟು ಕೊಟ್ಟ. ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ತೆಗೆದು, ಹಲ್ಲು ಒರೆಸಿ ಮತ್ತೆ ಕೂಡಿಸಿದ. ಮತ್ತೆ ಕಪ್ಪು. "ಜೀವ ಇಲ್ರಿ ಅಕ್ಕಾರ. ಇಲ್ಲಿ ನೋಡ್ರಿ, ಕಂಡೆನ್ಸರ್ ಉಬ್ಬ್ಯಾವು." ಬೇವಿನೆಲೆಯ ತೇವ ತಾಗಿತೆ? ಮಳೆಗಾಲದಲ್ಲಿ ಟ್ರಂಕನ್ನು ಗೋಡೆಗೆ ಆನಿಸಿ ಇಟ್ಟದ್ದು ತಪ್ಪಾಯಿತೆ? ಒಬ್ಬರು ನಂಬಿ ಕೊಟ್ಟದ್ದನ್ನು ಜೋಪಾನ ಮಾಡುತ್ತೇನೆಂದು ಜೋಪಾನದಿಂದಲೇ ಕೊಂದೆನಲ್ಲ ಎಂದು ಅವಳಿಗೆ ಅಳು ಒತ್ತರಿಸಿ ಬಂತು. ಅಪರಿಚಿತ ಗಂಡಸಿನ ಅಂಗಡಿಯಲ್ಲಿ ಕೂತು ಅಳುವುದು ಹೇಗೆ? ಮೂಗು ಒರೆಸಿಕೊಂಡು, ಸ್ವಲ್ಪ ಗಟ್ಟಿಯಾಗಿಯೇ, "ಹೊಸಾದು ಹಾಕ್ರಿ ಹಂಗಾರ" ಎಂದಳು.

ಆಮೇಲೆ ಕೆಲಸ ಸರಸರ ಸಾಗಿತು. ಕಾರ್ಡಿಗೆಂದು ಈಗ ಖರ್ಚು ಮಾಡುವುದು ಬೇಡ, ಚಿತ್ರದ ಶಕ್ತಿ ತನ್ನೊಳಗೇ ಇರುವ ಪ್ರೊಸೆಸರ್ ಇದೆ, ಗಾಡಿ ಆಟಕ್ಕೆ ಅದು ಸಾಕು ಎಂದ ಶಾಹಬಾಜ. ಅದಕ್ಕೆ ಹೊಂದುವ ಬೋರ್ಡು, ರ್ಯಾಮ್ ಒಂದರ ಬದಲು ಎರಡು ತುಂಡು, ಏಕೆಂದರೆ ಆ ಪ್ರೊಸೆಸರ್ ಜೋಡಿ ಇದ್ದರೇ ಚೆನ್ನಾಗಿ ಓಡುತ್ತದೆ. ಒಂದೊಂದೇ ಡಬ್ಬಿ ಕೌಂಟರಿಗೆ ಬಂತು. ಎಲ್ಲವೂ ಒಂದಕ್ಕೊಂದು ಹೊಂದಿದವು, ಯಾವುದೂ ಅವಳದೆನ್ನಿಸಲಿಲ್ಲ. ಕೊನೆಗೆ ಎಲ್ಲದಕ್ಕೂ ಕರೆಂಟು ಹಂಚುವ ಎಸ್ಎಂಪಿಎಸ್ಸು ಉಳಿಯಿತು. ಶಾಹಬಾಜ ಎರಡು ತಂದಿಟ್ಟ. "ಇದು ಅಗ್ಗದ್ದು, ಇದು ಛಲೋದು. ಅಗ್ಗದ್ದು ಹಾಕಿದ್ರ ಒಂದ ವರ್ಷದಾಗ ಒಂದಲ್ಲ ಒಂದು ತಕರಾರು ತಗೀತೈತಿ, ಮೊದಲ ಹೇಳೇನಿ."

ಆಗ ಫೋನು ಬಂತು. ನಿಖತ. ಎತ್ತಬಾರದಾಗಿತ್ತು. ಎತ್ತಿದಳು.

"ಏನ ಮಾಡಾಕತ್ತೀಯೇ? ಕೂಡಿಸೀಯೋ ಇಲ್ಲೋ ಮಷೀನು?"

"ಇಲ್ಲೇ... ಮನ್ಯಾಗ ಅದೇನಿ. ಬಟ್ಟಿ ಒಣಗ ಹಾಕಾಕತ್ತೇನಿ" ಎಂದಳು ವಾಣಿಶ್ರೀ. ಶಾಹಬಾಜ ತಟ್ಟನೆ ತಲೆ ಬಗ್ಗಿಸಿ, ಇಲ್ಲದ ಸ್ಕ್ರೂ ಒಂದನ್ನು ಹುಡುಕತೊಡಗಿದ. ಅಷ್ಟರಲ್ಲಿ ಮಸೂತಿಯಿಂದ ಮಧ್ಯಾಹ್ನದ ಬಾಂಗ್ ಎದ್ದಿತು. ವಯಸ್ಸಾದ, ನಡುವೆ ಸ್ವಲ್ಪ ಒಡೆಯುವ ದನಿ. ಬೀದಿಯಿಂದ ಒಂದು ಕಿವಿಗೆ, ಫೋನಿನೊಳಗಿಂದ ಇನ್ನೊಂದು ಕಿವಿಗೆ, ಅದೇ ಬಾಂಗ್, ಕೂದಲೆಳೆಯಷ್ಟು ಹಿಂದೆ ಮುಂದೆ. ವಾಣಿಶ್ರೀ ಫೋನಿನ ಬಾಯಿಗೆ ಅಂಗೈ ಮುಚ್ಚಿದಳು. ಮುಚ್ಚಿದ್ದೇ ಹೆಚ್ಚು ತಪ್ಪಾಯಿತೆಂದು ಹೊಳೆಯಿತು. ಬಾಂಗ್ ಮುಗಿಯುವವರೆಗೂ ಇಬ್ಬರೂ ಕೇಳುತ್ತ ಉಳಿದರು. ಮುಗಿದ ಮೇಲೆ ಫೋನು ಕಟ್ಟಾಯಿತು.

ಎದ್ದು ಓಡಬೇಕು ಎಂದುಕೊಂಡಳು. ಶಾಹಬಾಜ ಕೈ ಒರೆಸಿಕೊಂಡು, ತಲೆಗೆ ಟೋಪಿ ಹಾಕಿಕೊಂಡು, "ಅಕ್ಕಾರ, ನಮಾಜಿಗೆ ಹೋಗಿ ಬಂದಬಿಡ್ತೇನಿ. ಅಂಗಡಿ ಕಡೆ ಸ್ವಲ್ಪ ಲಕ್ಷ್ಯ ಇರಲ್ರಿ" ಎಂದು ಚಪ್ಪಲಿ ಮೆಟ್ಟಿ ನಡೆದೇಬಿಟ್ಟ. ಗುರುತು ಪರಿಚಯವಿಲ್ಲದ ಗಿರಾಕಿಯ ಮೇಲೆ, ಈಗಷ್ಟೇ ಕಣ್ಣೆದುರಿಗೆ ಸುಳ್ಳು ಹೇಳಿದವಳ ಮೇಲೆ, ತೆರೆದ ಅಂಗಡಿ ಬಿಟ್ಟು ಹೋಗುವುದು! ಈ ಊರಿನ ಜನ ಹೀಗೆಯೇ. ಕೌಂಟರಿನ ಮೇಲೆ ಹರಡಿದ ಸಾಮಾನು, ತೆರೆದ ಬಾಗಿಲು, ಓಣಿಯಲ್ಲಿ ನೆರಳು ಹುಡುಕುತ್ತಿದ್ದ ಒಂದು ಆಡು. ಬಿಟ್ಟು ಹೋಗುವ ಹಾಗಿಲ್ಲ. ನಿಖತ ಬರುತ್ತಾಳೆಂದು ಗೊತ್ತಿತ್ತು. ಸವಣೂರಿನಲ್ಲಿ ಕಂಪ್ಯೂಟರು ಕೂಡಿಸಲಿಕ್ಕೆ ಬಂದವಳು ಬೇರೆಲ್ಲಿ ಇರುತ್ತಾಳೆ? ಬರದಿರಲಿ ಎಂದು ಬೇಡಿಕೊಂಡಳು. ಬಾರದಿದ್ದರೆ ಹೇಗೆ ಎಂದು ಅದರ ಹಿಂದೆಯೇ ಹೆದರಿದಳು. ಸೆರಗು ಸರಿಮಾಡಿಕೊಂಡಳು, ಎರಡು ಸಲ.

ನಿಖತ ದುಪಟ್ಟಾ ತಲೆಗೆ ಸುತ್ತಿಕೊಳ್ಳುತ್ತಲೇ ಬಂದಳು. ಕನ್ನಡಕ ಬಂದಿತ್ತು. ಹಣೆಯಂಚಿನ ಕೂದಲು ಬೆಳ್ಳಗಾಗಿತ್ತು. ಬಾಗಿಲಲ್ಲಿ ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಬಟ್ಟಿ ಒಣಗಿದ್ವೇನ?"

ವಾಣಿಶ್ರೀ ಎದ್ದು ನಿಂತಳು. ಮತ್ತೆ ಕೂತಳು. ನಿಖತ ಒಳಗೆ ಬಂದು, ಅವಳ ಕಡೆಗೆ ನೋಡದೆ, ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಓದಿದಳು. ಬೋರ್ಡು, ಪ್ರೊಸೆಸರ್, ರ್ಯಾಮ್. ಪರೀಕ್ಷೆಯ ಹಾಳೆ ತಿದ್ದುವ ಶಿಕ್ಷಕಿಯ ಮುಖ. ಖಣದ ಬಟ್ಟೆಯ ಮೇಲಿದ್ದ ಕಾರ್ಡಿಗೆ ಬಂದಾಗ ಅವಳ ಕೈ ನಿಂತಿತು.

"ಯಾ ಅಲ್ಲಾ. ಇದನ್ನ ಇನ್ನೂ ಇಟ್ಟೀಯಾ?"

"ಪೆಟ್ಟಿಗ್ಯಾಗ ಇಟ್ಟು ಕೊಂದಬಿಟ್ಟೆ ನಿಖತ. ಬೇವಿನ ತಪ್ಪಲದ ಜೋಡಿ ಇಟ್ಟಿದ್ದೆ. ಈಗ ಹಚ್ಚಿ ನೋಡಿದ್ರ—"

"ನೀ ಏನ ಕೊಂದಿ? ಅದು ಅವಾಗ ಸತ್ತಿತ್ತು." ನಿಖತ ನಕ್ಕಳು, ನಗು ಅರ್ಧಕ್ಕೇ ಕೆಮ್ಮಾಯಿತು. "ಛಲೋ ಇದ್ದಿದ್ದೆಲ್ಲಾ ಅಣ್ಣ ಮಾರಿದ್ದ. ನಿನ್ನ ಲಗ್ನಕ್ಕ ಕೊಡಾಕ ನನ್ನ ಕೈಯಾಗ ಏನ ಇತ್ತು? ಸುಟ್ಟದ್ದು ಅದೊಂದು ಮೂಲ್ಯಾಗ ಬಿದ್ದಿತ್ತು, ನಿಂದ ಮಷೀನಿಂದು. ಮರುದಿನ ಬಿಸಾಕಿರ್ತಿ ಅಂತ ತಿಳಿದಿದ್ದೆ."

ಇಷ್ಟು ವರ್ಷ ಸೀರೆಯ ನಡುವೆ ಹೆಣ ಕಾದೆನಲ್ಲ ಎಂದು ವಾಣಿಶ್ರೀಗೆ ನಾಚಿಕೆಯಾಯಿತು, ನಗುವೂ ಬಂತು. ಆ ನಗುವಿನ ಧೈರ್ಯದ ಮೇಲೆಯೇ ಬಾಯಿ ತೆರೆದಳು. "ನಿಖತ, ಚಾಚಿ ಹೋದಾಗ ನಾ..."

"ಬರಲಿಲ್ಲ ನೀ." ನಿಖತ ಡಬ್ಬಿಗಳನ್ನು ಅಂಚಿಗೆ ಅಂಚು ಕೂಡಿಸಿ ಸಾಲಾಗಿ ಇಡುತ್ತಿದ್ದಳು. "ಮೂರು ದಿನ ಬಾಗಲಾ ತೆರದಿಟ್ಟಿದ್ವಿ. ಯಾರ್ಯಾರೋ ಬಂದ್ರು. ನಿಮ್ಮಪ್ಪಾರು ಬಂದಿದ್ರು, ಯಲವಿಗಿಯಿಂದ. ಕಟ್ಟಿ ಮ್ಯಾಲೆ ಕುಂತು, ನನ್ನ ಮಗಳು ಈ ಮನ್ಯಾಗ ಚಾ ಕುಡದು ದೊಡ್ಡಾಕಿ ಆಗ್ಯಾಳವಾ ಅಂದ್ರು. ನಿನಗ ಹೇಳಿಲ್ಲೇನ?"

ಹೇಳಿರಲಿಲ್ಲ. ಹೋದ ವರ್ಷ ತಾನೂ ತೀರಿಕೊಳ್ಳುವವರೆಗೆ ಅಪ್ಪ ಆ ಮಾತು ಎತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲವೆಂದು ಅವಳು ಮುಚ್ಚಿಟ್ಟುಕೊಂಡಿದ್ದ ಚಹಾ ಅವನಿಗೆ ಗೊತ್ತಿತ್ತು. ಮಗಳು ಹೋಗಿಲ್ಲವೆಂದೂ ಗೊತ್ತಿತ್ತು. ಅವಳು ಹತ್ತದೆ ಬಿಟ್ಟ ಬಸ್ಸಿನ ಊರಿಗೆ ಅವನು ಕೋಲೂರಿಕೊಂಡು ಹೋಗಿ, ಅವಳ ಪಾಲಿನ ದುಃಖ ತೀರಿಸಿ, ಸುಮ್ಮನೆ ಮನೆಗೆ ಬಂದು ಉಂಡು ಮಲಗಿದ್ದ. ವಾಣಿಶ್ರೀ ಅಳತೊಡಗಿದಳು. ಬೀದಿಯವರು ನೋಡಿದರೆ ನೋಡಲಿ ಎನ್ನಿಸಿತು. ನಿಖತ ತಡೆಯಲಿಲ್ಲ, ಬೆನ್ನು ಸವರಲಿಲ್ಲ. ಕನ್ನಡಕ ತೆಗೆದು ದುಪಟ್ಟಾದ ತುದಿಯಿಂದ ಒರೆಸಿದಳು, ಬಹಳ ಹೊತ್ತು ಒರೆಸಿದಳು.

"ಇದೆಲ್ಲಾ ಯಾಕ?" ಎಂದಳು ಆಮೇಲೆ, ಡಬ್ಬಿಗಳತ್ತ ಗದ್ದ ತೋರಿಸಿ.

"ನೀನ ಅಂದಿದ್ದಿಯಲ್ಲಾ. ನೀ ಅಲ್ಲಿಂದ, ನಾ ಇಲ್ಲಿಂದ ಅಂತ."

"ಅಂದಿದ್ದೆ. ಬಾ ಅಂದ್ರ ಬರೂದಿಲ್ಲಂತ ಗೊತ್ತಿತ್ತು, ಅದಕ್ಕ ಹಂಗಂದೆ." ನಿಖತ ಕನ್ನಡಕ ಹಾಕಿಕೊಂಡು ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ಖರೇ ಹೇಳು ವಾಣಿ. ನನ್ನ ಮನಿಗೆ ಬರೂದು ತಪ್ಪಿಸ್ಕೊಳ್ಳಾಕ ಇಷ್ಟ ಖರ್ಚ ಮಾಡಾಕತ್ತೀಯೇನ?"

"ಹೌದು" ಎಂದಳು ವಾಣಿಶ್ರೀ. ಬೆಳಗಿನಿಂದ ಅವಳು ಆಡಿದ ಮೊದಲ ನಿಜ ಅದು. ಆಡಿದ ಮೇಲೆ, ಇನ್ನು ಏನಾದರೂ ಆಗಲಿ ಎನ್ನಿಸಿತು.

ಓಣಿಯಲ್ಲಿ ಚಪ್ಪಲಿಯ ಸದ್ದಾಯಿತು. ಶಾಹಬಾಜ ಟೋಪಿ ಮಡಚಿ ಕಿಸೆಗೆ ಹಾಕಿಕೊಳ್ಳುತ್ತ ಬಂದ. ಒಳಗಿದ್ದ ಇಬ್ಬರನ್ನೂ ನೋಡಿದ, ಒದ್ದೆ ಮುಖಗಳನ್ನು ನೋಡದ ಹಾಗೆ ಮಾಡಿ, ಕೌಂಟರಿನ ಹಿಂದೆ ಹೋಗಿ ಎಸ್ಎಂಪಿಎಸ್ಸುಗಳನ್ನು ಒಂದೊಂದು ಕೈಯಲ್ಲಿ ಎತ್ತಿ ಹಿಡಿದ. "ಇವೆರಡರಾಗ ಯಾವದು ಹಾಕ್ಲಿ ಅಕ್ಕಾರ?"

"ಛಲೋದ ಹಾಕು" ಎಂದಳು ನಿಖತ, ಬಾಗಿಲ ಹೊರಗೆ ನೋಡುತ್ತ. "ಅಗ್ಗದ್ದು ಹಾಕಿದ್ರ ನಾಳೆ ಕೆಟ್ಟು ನಿಂದರ್ತೈತಿ. ರಿಪೇರಿ ಅಂತ ಪಾಪ ಆಕಿ ಮತ್ತ ಮತ್ತ ಸವಣೂರಿಗೆ ಬರಬೇಕಾಗ್ತೈತಿ."

ವಾಣಿಶ್ರೀ ಮುಖ ಒರೆಸಿಕೊಂಡಳು.

"ಅಗ್ಗದ್ದ ಹಾಕ್ರಿ, ಶಾಹಬಾಜ್."